ಹಳ್ಳದಾಚೆಯ ಕೊಂಬು

ಕೊಂಬು ಎಂದಾದರೂ ಈ ಗುಡ್ಡಕ್ಕೆ ತಿರುಗಿ ಬಂದರೆ ನಾನಾಗಲಿ, ನಾನಿಲ್ಲದ ಕಾಲಕ್ಕೆ ನನ್ನ ಮಕ್ಕಳು ಮೊಮ್ಮಕ್ಕಳಾಗಲಿ, ನಮ್ಮ ಕೈಯಾರೆ ತಂದು ಬಿಹ್ ಅತ್ತೆಯ ಮನೆಯವರ ಕೈಗೆ ಕೊಡುತ್ತೇವೆ ಎಂದು ತಿಮ್ ತನ್ನ ಅಪ್ಪ ದಿಯಾಂಗ್‌ಗೆ ಮಾತು ಕೊಟ್ಟಿದ್ದ. ಅಂಗೈಗೆ ಕೆಂಪು ಮರದ ಪುಡಿ ಬಳಿದುಕೊಂಡು, ಆ ಅಂಗೈಯನ್ನು ನೆಲಕ್ಕೆ ಒತ್ತಿ ಕೊಟ್ಟ ಮಾತು. ಅಂಥ ಮಾತಿಗೆ ನಮ್ಮಲ್ಲಿ ಬೇರೆ ಸಾಕ್ಷಿ ಕೇಳುವುದಿಲ್ಲ.

ಜರ್ಮನರು ನಮ್ಮ ಈ ಗುಡ್ಡಗಳ ಕೋಮ್ ಸೀಮೆಯ ಮೇಲೆ ದಂಡೆತ್ತಿ ಬಂದ ವರ್ಷ ಅದು. ದಂಡಿನ ಅಧಿಕಾರಿ ನಮ್ಮ ಅಂಗಳಕ್ಕೆ ನುಗ್ಗಿದಾಗ ದಿಯಾಂಗ್ ಹೆಂಡ ಕುಡಿಯುತ್ತ ಕೂತಿದ್ದನಂತೆ. ಕಾಡುಕೋಣದ ಕೊಂಬು, ಹೊರಮೈ ತುಂಬ ಕಪ್ಪೆ ಮತ್ತು ಜೇಡದ ಕೆತ್ತನೆ. ಮನೆತನದ ಯಜಮಾನ ಮಾತ್ರ ಕುಡಿಯಬಹುದಾದ ಕೊಂಬು. ಅಧಿಕಾರಿ ಅದನ್ನು ಅವನ ಕೈಯಿಂದ ಕಿತ್ತು, ಉಳಿದ ಹೆಂಡ ಚೆಲ್ಲಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇಡಿಸಿದ. ಆಮೇಲೆ ಹೊರೆ ಹೊರಲು ಆಳು ಬೇಕೆಂದು ಊರ ಗಂಡಸರ ಕುತ್ತಿಗೆಗೆ ಸಾಲಾಗಿ ಹಗ್ಗ ಬಿಗಿದರು. ಹೊಸದಾಗಿ ಮದುವೆಯಾಗಿದ್ದ ತಿಮ್ ಅವರಲ್ಲೊಬ್ಬ. ಅಪ್ಪನ ಕೊಂಬಿದ್ದ ಪೆಟ್ಟಿಗೆ ಮಗನ ತಲೆಯ ಮೇಲೇ ಬಂತು. ಕಡಲ ತನಕ ಹೊತ್ತು, ಹಡಗಿನ ಬಳಿ ಇಳಿಸಿ, ಮೂಳೆ ಚಕ್ಕಳವಾಗಿ ತಿರುಗಿ ಬಂದ. ದಿಯಾಂಗ್ ಹೊಡೆಯಲಿಲ್ಲ, ಬೈಯಲಿಲ್ಲ. "ಹೊತ್ತುಕೊಂಡು ಹೋಗಿ ಕೊಟ್ಟು ಬಂದೋನು ನೀನು. ತಂದು ಕೊಡೋನೂ ನೀನೇ" ಅಂದ. ಆಗ ತಿಮ್ ಅಂಗೈಯನ್ನು ನೆಲಕ್ಕೆ ಇಟ್ಟಿದ್ದು.

ಬಿಹ್ ಅಂದರೆ ದಿಯಾಂಗ್‌ನ ತಂಗಿ, ನನ್ನ ಅಜ್ಜಿಯ ತಾಯಿ. ಕೋಮ್‌ನಲ್ಲಿ ನಡೆಯುವುದು ಅಳಿಯಕಟ್ಟು. ಮಗನಿಗೆ ಅಪ್ಪನ ಮೂಗು ಬರುತ್ತದೆ, ಅಪ್ಪನ ಸಿಟ್ಟು ಬರುತ್ತದೆ. ಮನೆ, ತೋಟ, ಪೀಠ, ಕೊಂಬು ಹೋಗುವುದು ಅಪ್ಪನ ಅಕ್ಕತಂಗಿಯರ ಮಕ್ಕಳಿಗೆ. ಹಾಗೆ ದಿಯಾಂಗ್‌ನ ಪೀಠ ಬಿಹ್‌ಳ ಮಗನಿಗೆ ಬಂತು, ಅವನಿಂದ ಅವನ ತಂಗಿಯ ಮಗನಿಗೆ, ಅವನಿಂದ ನನ್ನ ಅಣ್ಣ ಯಿಬೈನ್‌ಗೆ. ಪ್ರತಿಯೊಬ್ಬನೂ ಪೀಠಕ್ಕೆ ಕೂರುವ ದಿನ ಒಂದು ಸೋರೆಬುರುಡೆಯಲ್ಲಿ ಹೆಂಡ ಹಿಡಿದು, "ಕೊಂಬು ದೂರ ಹೋಗಿದೆ, ಬರೋ ತನಕ ಇದು" ಎಂದು ಹೇಳಿ ಕುಡಿದ. ಸತ್ತವರು ಒಪ್ಪಿಕೊಂಡರು. ಬುರುಡೆ ಹೊಗೆ ಹಿಡಿದು ಕಪ್ಪಾಗಿ ನಮ್ಮ ಅಟ್ಟದಲ್ಲಿ ನೇತಾಡುತ್ತಿತ್ತು. ಅದರಿಂದ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ.

ತೊಂದರೆ ಶುರುವಾದದ್ದು ಕೊಂಬು ತಿರುಗಿ ಬಂದ ಮೇಲೆ.

ಮೊದಲು ಬಂದವಳು ಜರ್ಮನಿಯ ಯಾವುದೋ ಮ್ಯೂಸಿಯಂನ ತೆಳ್ಳಗಿನ ಹುಡುಗಿ, ಕೈಯಲ್ಲಿ ಕೊಂಬಿನ ಫೋಟೋ. ಹೆಂಡದಂಗಡಿಯ ಬೆಂಚಿನ ಮೇಲೆ ನಮ್ಮಣ್ಣ ಕೂತಿದ್ದ. ಜೊತೆಯಲ್ಲಿದ್ದ ದುಭಾಷಿ ಕೇಳಿದ, "ದಿಯಾಂಗ್ ಅನ್ನೋರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇದ್ದಾರಾ?" ಅಣ್ಣ ಕೈ ಎತ್ತಿ ಹಳ್ಳದಾಚೆ ತೋರಿಸಿದ. "ಇದ್ದಾರಲ್ಲ, ಅಗೋ, ತಗಡಿನ ಮನೆ. ವಲ್ಲಂಗ್ ಅಂತ. ತಿಮ್‌ನ ಮೊಮ್ಮಗ."

ಮನೆಗೆ ಬಂದು ಅದನ್ನೇ ನಗುನಗುತ್ತ ಹೇಳಿದ. ನಾನು ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನಿಂದ ಇನ್ನೊಬ್ಬರ ಮುದ್ದೆ ತಿರುವಿ, ಮನೆಗೆ ಬಂದು ನಮ್ಮದನ್ನು ತಿರುವುವ ಕೆಲಸ ನನ್ನದು.

"ನಾವು ಅಂತ ಯಾಕೆ ಹೇಳಲಿಲ್ಲ?" ಅಂದೆ.

"ನಾವೆಲ್ಲಿ ಅವನ ಮಕ್ಕಳು? ಅವರು ಕೇಳಿದ್ದು ಮಕ್ಕಳನ್ನ. ಇದ್ದದ್ದನ್ನ ಹೇಳಿದೆ."

"ಅಣ್ಣಾ, ಅವರು ಹುಡುಕ್ತಿರೋದು ಹಕ್ಕುದಾರರನ್ನ."

"ಹಕ್ಕುದಾರ ಬೇಕಿದ್ರೆ ಸೋದರಳಿಯ ಯಾರು ಅಂತ ಕೇಳ್ತಿದ್ರು. ಅಷ್ಟೂ ಗೊತ್ತಾಗದಷ್ಟು ದಡ್ಡರಾ ಅವರು?" ಎಂದು ಸೊಪ್ಪಿನ ಪಾತ್ರೆ ಹತ್ತಿರ ಎಳೆದುಕೊಂಡ. "ವಲ್ಲಂಗ್‌ಗೂ ಸುದ್ದಿ ಗೊತ್ತಾಗಲಿ ಬಿಡೇ. ತಂದು ಕೊಡಬೇಕಾದೋನು ಅವನೇ ತಾನೇ."

ಅವರು ಅಷ್ಟು ದಡ್ಡರಾಗಿದ್ದರು. ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಂದು ಗೆರೆ ಎಳೆದುಕೊಂಡು ಹೋದರು. ಅಕ್ಕತಂಗಿಯರನ್ನು ಒಬ್ಬರೂ ಕೇಳಲಿಲ್ಲ. ನಮ್ಮ ಕೊಂಬನ್ನು ನೂರು ವರ್ಷ ಇಟ್ಟುಕೊಂಡಿದ್ದವರು ಅದರ ಮೈಮೇಲಿನ ಜೇಡಕ್ಕೆ ಎಷ್ಟು ಕಾಲು ಅಂತ ಎಣಿಸಿಟ್ಟಿದ್ದರು. ಅದರಲ್ಲಿ ಯಾರು ಕುಡಿಯುತ್ತಾರೆ ಅನ್ನುವುದನ್ನು ತಿಳಿದುಕೊಂಡಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ವಲ್ಲಂಗ್‌ನ ಅಂಗಳದಲ್ಲಿ ಶಾಮಿಯಾನ ಎದ್ದಿತು. ವಲ್ಲಂಗ್ ಸುಂಕದ ಇಲಾಖೆಯಲ್ಲಿದ್ದು ನಿವೃತ್ತನಾದವನು, ಮನೆಯ ಪಕ್ಕ ಲಾಡ್ಜ್ ಕಟ್ಟಿಸಿದ್ದ. ಸರ್ಕಾರದ ಅಧಿಕಾರಿ ಬಂದು ಉದ್ದ ಭಾಷಣ ಮಾಡಿದ. ಜರ್ಮನಿಯಿಂದ ಬಂದಿದ್ದ ದೊಡ್ಡ ಹೆಂಗಸು ನೀಲಿ ಕೈಗವಸು ಹಾಕಿಕೊಂಡು ಪೆಟ್ಟಿಗೆ ಬಿಚ್ಚಿದಳು. ಕ್ಷಮೆ ಕೇಳಿದಳು. ಕೇಳುತ್ತ ಅತ್ತಳು. ಅಲ್ಲಿದ್ದ ಅಷ್ಟೂ ಜನ ಅವಳನ್ನು ಸಮಾಧಾನ ಮಾಡಲು ಎದ್ದರು. ನನಗೆ ಒಲೆಯ ಮೇಲಿಟ್ಟು ಬಂದ ಹುರುಳಿಕಾಯಿಯ ಯೋಚನೆ.

ನಮ್ಮಣ್ಣ ಕಸೂತಿಯ ನಿಲುವಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಆ ಹೆಂಗಸು ಕೊಂಬನ್ನು ವಲ್ಲಂಗ್‌ನ ಕೈಗೆ ಇಟ್ಟಳು. ಅವನೂ ಅವಳು ಕೊಟ್ಟ ನೀಲಿ ಕೈಗವಸಿನಲ್ಲೇ ಹಿಡಿದುಕೊಂಡ. ಅಣ್ಣ ಎದ್ದು ನಿಂತು ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದ. ವಲ್ಲಂಗ್ ಈಗ ತಿರುಗುತ್ತಾನೆ, ಕೊಡುತ್ತಾನೆ, ಅಂತ. ವಲ್ಲಂಗ್ ತಿರುಗಿದ್ದು ಕ್ಯಾಮೆರಾ ಕಡೆಗೆ. ಅಣ್ಣನ ಕೈ ಹಾಗೇ ಇತ್ತು. ಬಂದವರಿಗೆ ಬಿಸ್ಕತ್ತು ಹಂಚುತ್ತಿದ್ದ ಯಾರೋ ಅವನಿಗೂ ಒಂದು ಪೊಟ್ಟಣ ಬೇಕೇನೋ ಅಂದುಕೊಂಡು ಅಂಗೈಯಲ್ಲಿ ಇಟ್ಟು ಹೋದರು.

ಆ ಬಿಸ್ಕತ್ತನ್ನು ಅವನು ಮನೆಗೆ ತಂದು ಮೇಜಿನ ಮೇಲಿಟ್ಟ. ತಿನ್ನಲಿಲ್ಲ, ಮಕ್ಕಳಿಗೂ ಕೊಡಲಿಲ್ಲ. ಮರುದಿನ ಹಳ್ಳ ದಾಟಿ ಕೇಳಲು ಹೋದಾಗ ವಲ್ಲಂಗ್ ಲಾಡ್ಜಿನ ಜಗುಲಿಯಲ್ಲಿ ಬಿಸಿಲು ಇಳಿಯುವ ತನಕ ಕೂರಿಸಿ, ಆಳಿನ ಕೈಯಲ್ಲಿ "ಸಾಹೇಬರು ಮಲಗಿದ್ದಾರೆ" ಅಂತ ಹೇಳಿಸಿ ಕಳಿಸಿದ. ಮಳೆಗಾಲದಲ್ಲಿ ಅಣ್ಣ ತೀರಿಕೊಂಡ. ಆಸ್ಪತ್ರೆಯವರು ಶ್ವಾಸಕೋಶ ಅಂದರು. ಇರಬಹುದು.

ಅವನ ಜಾಗಕ್ಕೆ ಕೂರಬೇಕಾದವನು ನನ್ನ ಮಗ ಬಂಗ್ಸಿ, ಬಾಡಿಗೆ ಬೈಕ್ ಓಡಿಸುತ್ತಾನೆ. ಹೊಸ ಯಜಮಾನ ಕುಡಿದು ಪೀಠಕ್ಕೆ ಕೂರದೆ ಸತ್ತವನ ಸಾವಿನ ಹಬ್ಬ ಆಗುವಂತಿಲ್ಲ, ಹಬ್ಬ ಆಗದೆ ಅವನು ಹಿರಿಯರ ಜೊತೆ ಸೇರುವಂತಿಲ್ಲ. ಅತ್ತಿಗೆ ತಲೆ ಬೋಳಿಸಿಕೊಂಡು ಬೂದಿಯ ಚಾಪೆಯ ಮೇಲೆ ಕೂತಿದ್ದಳು. ಹಬ್ಬವಾಗುವ ತನಕ ಅವಳು ಏಳುವಂತಿಲ್ಲ. ನಾನು ಅಟ್ಟದಿಂದ ಬುರುಡೆ ಇಳಿಸಿ, ತೊಳೆದು, ಮನೆತನದ ಹಿರಿಯ ಬೋಬೆ ಚಿಯಾಫಿಯ ಮುಂದೆ ಇಟ್ಟೆ.

ಬೋಬೆ ಅನ್ನುವುದು ನಾವು ದೊಡ್ಡವರನ್ನು ಕರೆಯುವ ರೀತಿ. ಚಿಯಾಫಿ ಬುರುಡೆಯನ್ನು ಮುಟ್ಟಲಿಲ್ಲ.

"ಇದರಲ್ಲಿ ಆಗಲ್ಲ, ನಯಾ."

"ಮೂರು ತಲೆಮಾರು ಆಗಿದ್ದು ಈಗ ಯಾಕೆ ಆಗಲ್ಲ ಬೋಬೆ?"

"ಆಗ ಕೊಂಬು ದೂರ ಹೋಗಿದೆ ಅಂತ ಹೇಳಿ ಕುಡಿದ್ವಿ. ನಿಜ ಇತ್ತು. ಈಗ ಏನಂತ ಹೇಳ್ತೀಯ? ಹಳ್ಳದಾಚೆ ಗಾಜಿನ ಕಪಾಟಿನಲ್ಲಿದೆ. ಇಲ್ಲಿ ನಿಂತರೆ ಅವನ ತಗಡು ಹೊಳೆಯೋದು ಕಾಣುತ್ತೆ. ಸತ್ತವರಿಗೆ ಕಣ್ಣಿಲ್ವಾ?"

ಜರ್ಮನಿಯಲ್ಲಿದ್ದಾಗ ನಮ್ಮದಾಗಿದ್ದ ಕೊಂಬು ಹಳ್ಳದಾಚೆ ಬಂದು ನಮ್ಮದಲ್ಲವಾಯಿತು. ಆ ರಾತ್ರಿ ಬಂಗ್ಸಿ ಊಟಕ್ಕೆ ಕೂತಾಗ ಅಂದ, "ಅಮ್ಮಾ, ಇದನ್ನೆಲ್ಲ ಬಿಟ್ಟುಬಿಡೋಣ. ನನಗೆ ಯಜಮಾನಿಕೆ ಬೇಡ. ಬೈಕಿನ ಚೈನು ಬದಲಾಯಿಸೋದಿದೆ."

"ನಿನಗೆ ಬೇಡ ಸರಿ. ಚಾಪೆ ಮೇಲೆ ಕೂತಿದಾಳಲ್ಲ, ನಿಮ್ಮತ್ತೆ, ಅವಳನ್ನ ಯಾರು ಎಬ್ಬಿಸ್ತಾರೆ? ನಿನ್ನ ಚೈನಾ?"

ಅವನು ಮುದ್ದೆ ಮುರಿದು ಸೊಪ್ಪಿಗೆ ಅದ್ದಿದ.

ನಾನೇ ಹೋದೆ. ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ. ಲಾಡ್ಜಿನ ಬಾಗಿಲ ಮೇಲೆ ಹೊಸ ಬೋರ್ಡು: ದಿಯಾಂಗ್ ಲಾಡ್ಜ್. ಒಳಗೆ ನುಗ್ಗಿದ ಕೂಡಲೇ ಕೊಂಬು ಕಾಣಿಸುತ್ತದೆ, ಗಾಜಿನ ಹಿಂದೆ, ಕೆಂಪು ಬಟ್ಟೆಯ ಮೇಲೆ. ವಲ್ಲಂಗ್ ರೇಡಿಯೋ ಹಚ್ಚಿಕೊಂಡು ಕೂತಿದ್ದ. ನನ್ನನ್ನು ನೋಡಿ ಅದನ್ನು ಆರಿಸಲಿಲ್ಲ.

"ಬೋಬೆ ವಲ್ಲಂಗ್," ಅಂದೆ.

"ನವೈನ್ ನಯಾ," ಅಂದ. ಹೆಂಗಸರಿಗೆ ಗೌರವ ಕೊಟ್ಟು ಕರೆಯುವ ಮಾತು ಅದು. ಅವನ ಬಾಯಲ್ಲಿ ಉಗುಳಿದ ಹಾಗಿತ್ತು. "ರೂಮ್ ಬೇಕಿತ್ತಾ?"

"ಕೊಂಬು ಬೇಕಿತ್ತು."

"ನೋಡ್ತಾ ಇದೀಯಲ್ಲ. ಬೇರೆಯವರು ನೋಡಕ್ಕೆ ದುಡ್ಡು ಕೊಡ್ತಾರೆ. ನೀನು ನೆರೆಯವಳು ಅಂತ ಬಿಟ್ಟಿದೀನಿ."

"ನಿನ್ನಜ್ಜ ಅಂಗೈ ನೆಲಕ್ಕಿಟ್ಟು ಮಾತು ಕೊಟ್ಟಿದ್ದ. ಗುಡ್ಡದಲ್ಲಿ ಗೊತ್ತಿಲ್ಲದೋರಿಲ್ಲ."

"ನನ್ನಜ್ಜನ ವಿಷಯ ನೀನು ಎತ್ತಬೇಡ." ಈಗ ರೇಡಿಯೋ ಆರಿಸಿದ. "ಹಗ್ಗ ಬಿದ್ದದ್ದು ಯಾರ ಕುತ್ತಿಗೆಗೆ? ಹೊತ್ತೋನು ಯಾರು? ಸಾಯೋ ತನಕ ಕುತ್ತಿಗೆಯಲ್ಲಿ ಆ ಹಗ್ಗದ ಗುರುತು ಇತ್ತು, ಸ್ನಾನ ಮಾಡಿಸುವಾಗ ನಾನು ಈ ಕೈಯಲ್ಲಿ ಉಜ್ಜಿದೀನಿ. ನಿಮ್ಮ ಬಿಹ್ ಆವತ್ತು ಎಲ್ಲಿದ್ದಳು? ಕಾಡಲ್ಲಿ, ಕೋಳಿ ಬುಟ್ಟಿ ತಬ್ಬಿಕೊಂಡು."

"ಹೊತ್ತ ಆಳಿಗೆ ಹೊರೆ ಸೇರುತ್ತಾ?"

ಆ ಮಾತು ಆಡಬಾರದಿತ್ತೇನೋ. ಆಡಿದೆ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವನು ಎದ್ದು ನಿಂತ. ದೊಡ್ಡ ಆಳು.

"ಆಳಾ? ಸರಿ, ಆಳಿನ ಮೊಮ್ಮಗನ ಹತ್ರ ಭಿಕ್ಷೆಗೆ ಯಾಕೆ ಬಂದೆ? ನಿನ್ನಣ್ಣ ಅಲ್ಲೇ ಕೂತಿದ್ದ, ಜಗುಲಿಯಲ್ಲಿ. ಹೋಗು, ಜಾಗ ಇನ್ನೂ ಬೆಚ್ಚಗಿರುತ್ತೆ."

"ನನ್ನಣ್ಣ ಸತ್ತು ಹೋದ."

"ಗೊತ್ತು. ಮಣ್ಣಿಗೆ ಬಂದಿದ್ದೆ."

"ಬಂದು ಒಂದು ಹಿಡಿ ಮಣ್ಣೂ ಹಾಕಲಿಲ್ಲ."

"ನಿಮ್ಮ ಮಣ್ಣು ಮುಟ್ಟಿದ್ರೆ ಅದಕ್ಕೂ ಹಕ್ಕು ಕೇಳ್ತೀರ ನೀವು." ಕಪಾಟಿನ ಗಾಜನ್ನು ಉಗುರಿನಿಂದ ಟಕಟಕ ತಟ್ಟಿದ. "ಕೇಳಿಲ್ಲಿ. ಕೊಟ್ಟರೂ ನೀನು ಏನೂ ಮಾಡಕ್ಕಾಗಲ್ಲ. ಇದರಲ್ಲಿ ಕುಡಿಯಂಗಿಲ್ಲ. ಹುಳ ಹಿಡೀಬಾರ್ದು ಅಂತ ಅಲ್ಲಿಯವರು ವಿಷ ಬಳಿದಿದ್ದಾರೆ, ಒಳಗೂ ಹೊರಗೂ, ಎಷ್ಟೋ ಸಲ. ಆ ಹೆಂಗಸು ಕೈಗವಸು ಯಾಕೆ ಹಾಕ್ಕೊಂಡಿದ್ದಳು ಅಂದ್ಕೊಂಡೆ? ನಿನ್ನ ಮಗ ಕುಡಿದ್ರೆ ಇನ್ನೊಂದು ಹಬ್ಬ ಮಾಡಬೇಕಾಗುತ್ತೆ."

ನಾನು ನಕ್ಕೆ. "ಸುಂಕದ ಇಲಾಖೆಯಲ್ಲಿ ಇಷ್ಟು ವರ್ಷ ಇದ್ದು ಸುಳ್ಳು ಹೇಳೋದನ್ನ ಇಷ್ಟೇನಾ ಕಲಿತದ್ದು?"

"ಆಚೆ ಹೋಗು."

ಹೋದೆ. ಆದರೆ ಹೋಗುವಾಗ ಅವನ ಮನೆಯನ್ನು ಸರಿಯಾಗಿ ನೋಡಿದೆ. ತಗಡು ಹೊಸದು, ಲಾಡ್ಜ್ ಹೊಸದು. ಗೋಡೆ ಹಳೆಯದು, ಹಿಂದಿನ ಕಾಫಿ ತೋಟ ಹಳೆಯದು. ಅದು ವಲ್ಲಂಗ್ ಕಟ್ಟಿಸಿದ್ದಲ್ಲ, ಅವನಪ್ಪನದೂ ಅಲ್ಲ. ಅವನ ತಾಯಿಯ ಅಣ್ಣನದು. ಆ ಸೋದರಮಾವನಿಗೆ ಗಂಡುಮಕ್ಕಳಿದ್ದರು, ಬಮೆಂಡಾ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ಮಾವ ಸತ್ತಾಗ ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಗೆ ನಡೆದರು, ಸೋದರಳಿಯ ವಲ್ಲಂಗ್ ಒಳಗೆ ಬಂದ. ಯಾರೂ ಜಗಳವಾಡಲಿಲ್ಲ, ಅದೇ ಕಟ್ಟು. ನಾಳೆ ವಲ್ಲಂಗ್ ಸತ್ತರೆ ಅವನ ಮಕ್ಕಳು ಹೊರಗೆ ನಡೆಯಬೇಕು, ಅವನ ಅಕ್ಕ ಕೈನ್‌ಳ ಮಗ ಒಳಗೆ ಬರಬೇಕು.

ಹಳ್ಳದ ಕಲ್ಲಿನ ಮೇಲೆ ಕಾಲಿಟ್ಟಾಗ ಇದು ಹೊಳೆಯಿತು. ನೀರಲ್ಲಿ ನಿಂತೇ ಯೋಚನೆ ಮಾಡಿದೆ. ಆಮೇಲೆ ನಮ್ಮ ಮನೆಯ ದಾರಿ ಬಿಟ್ಟು ಕೈನ್‌ಳ ಮನೆಯ ದಾರಿ ಹಿಡಿದೆ.

ಕೈನ್ ಮುದುಕಿ, ಹಲ್ಲು ಹೋಗಿದೆ, ನಾಲಿಗೆ ಪೂರ್ತಿ ಇದೆ. ಅಂಗಳದಲ್ಲಿ ಕುಂಬಳಬೀಜ ಸುಲಿಯುತ್ತಿದ್ದಳು. ನಾನು ಕೂತು, ಸೆರಗಿನ ಗಂಟಿನಿಂದ ಕೋಲಾ ಕಾಯಿ ತೆಗೆದು ಒಡೆದು ಕೊಟ್ಟೆ, ಅಗಿಯಲು ಅದನ್ನು ಕೊಟ್ಟೇ ನಮ್ಮಲ್ಲಿ ಮಾತು ಶುರು ಮಾಡುವುದು. ತೆಗೆದುಕೊಂಡು ಕುಟ್ಟಲು ಇಟ್ಟಳು.

"ನನ್ನ ತಮ್ಮನ ಮೇಲೆ ಚಾಡಿ ಹೇಳಕ್ಕೆ ಬಂದಿದ್ರೆ ಕೋಲಾ ವಾಪಸ್ ತಗೊಂಡು ಹೋಗು. ಬೆಳಗಿನಿಂದ ನೀನು ಮೂರನೆಯವಳು."

"ಚಾಡಿ ಅಲ್ಲ ಅಕ್ಕ. ನಿನ್ನ ಮಗನ ವಿಷಯ."

"ಅವನೇನು ಮಾಡಿದ? ಮತ್ತೆ ಯಾರಿಗಾದರೂ ಹೊಡೆದನಾ?"

"ಇಲ್ಲ. ವಲ್ಲಂಗ್ ಕಾಲವಾದ ಮೇಲೆ ಆ ಮನೆ, ಕಾಫಿ ತೋಟ ಅವನಿಗೆ ತಾನೇ?"

"ಮತ್ತಿನ್ನಾರಿಗೆ?" ಕೈ ನಿಂತಿತು.

"ವಲ್ಲಂಗ್‌ನ ಮಕ್ಕಳಿಗೆ."

"ನಿನಗೆ ತಲೆ ಕೆಟ್ಟಿದೆಯಾ? ಮಕ್ಕಳಿಗೆ ಎಲ್ಲಾದರೂ ಹೋಗುತ್ತಾ?"

"ದಿಯಾಂಗ್‌ನ ಕೊಂಬು ಹೋಯ್ತಲ್ಲ. ಮಗನಿಂದ ಮೊಮ್ಮಗನಿಗೆ, ಮೊಮ್ಮಗನಿಂದ ವಲ್ಲಂಗ್‌ಗೆ. ಸರ್ಕಾರದೋರು ಶಾಮಿಯಾನ ಹಾಕಿ, ಭಾಷಣ ಮಾಡಿ ಕೊಟ್ಟಿದ್ದಾರೆ. ನಾಳೆ ಅವನ ಮಕ್ಕಳು ಅದೇ ಅಧಿಕಾರಿ ಹತ್ರ ಹೋಗಿ, ಕೊಂಬು ಬಂದ ದಾರಿಯಲ್ಲೇ ಮನೆಯೂ ಬರಲಿ ಅಂದ್ರೆ ನಿನ್ನ ಮಗ ಏನು ಹೇಳ್ತಾನೆ? ನಮ್ಮ ಮಾವನೇ ಈ ದಾರಿ ತೆಗೆದ ಅಂತಾನಾ?"

ಕೈನ್ ಸುಲಿಯುತ್ತಿದ್ದ ಬೀಜವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಅದರಲ್ಲಿ ಸ್ನೇಹ ಇರಲಿಲ್ಲ.

"ನೀನು ನನ್ನ ಮಗನ ಸಂಕಟಕ್ಕೆ ಬಂದೋಳಲ್ಲ."

"ಅಲ್ಲ. ನನ್ನ ಮಗನಿಗೆ ಬಂದೆ."

"ಗೊತ್ತು. ಮೂರೂ ಬಿಟ್ಟೋಳು ನೀನು." ಕೋಲಾ ಕಾಯಿಯನ್ನು ಒರಳಿಗೆ ಹಾಕಿ ಕುಟ್ಟತೊಡಗಿದಳು. "ಹೋಗು. ಯಾರಿಗೂ ಹೇಳಬೇಡ. ನಿನ್ನ ಬಾಯಿಂದ ಶುರುವಾಯ್ತು ಅಂತ ಆದ್ರೆ ಅವನು ಹಟಕ್ಕೆ ಬಿದ್ದು ಸುಟ್ಟಾದರೂ ಹಾಕ್ತಾನೆ."

ಅವಳು ಹೋದದ್ದು ಊರ ಬಿಡುವಿನ ದಿನ, ಹೊಲಕ್ಕೆ ಯಾರೂ ಹೋಗದೆ ಎಲ್ಲರೂ ಮನೆಯಲ್ಲಿರುವ ದಿನ. ಲಾಡ್ಜಿನ ಅಂಗಳದ ನಡುವೆ ಮಣೆ ಹಾಕಿಕೊಂಡು ಕೂತಳು. ಮಗ ಹಿಂದೆ ನಿಂತ. ಹಳ್ಳದ ಈಚೆಗೆ ನಾವು ಹೆಂಗಸರು ಬಟ್ಟೆ ಒಗೆಯುವ ನೆಪದಲ್ಲಿ ನಿಂತಿದ್ದೆವು. ನಾನು ಅದಾಗಲೇ ಒಗೆದಿದ್ದ ಬಟ್ಟೆಯನ್ನು ಮತ್ತೆ ಒಗೆಯುತ್ತಿದ್ದೆ. ಅವಳ ದನಿ ಇಡೀ ಗುಡ್ಡಕ್ಕೆ ಕೇಳಿಸಿತು.

"ವಲ್ಲಂಗ್, ಹೊರಗೆ ಬಾ. ನಿನ್ನ ಹಾಸಿಗೆಯನ್ನೂ ತಗೊಂಡು ಬಾ."

"ಏನಕ್ಕಾ ಇದು, ಜನ ನೋಡ್ತಿದ್ದಾರೆ."

"ನೋಡಲಿ ಅಂತಲೇ ಬಂದದ್ದು. ಬಮೆಂಡಾಗೆ ಹೇಳಿ ಕಳಿಸ್ತೀನಿ. ಮಾವನ ಮಕ್ಕಳು ಬಂದು ಮನೆ ತಗೊಳ್ಳಲಿ."

"ಯಾವ ಮನೆ?"

"ನೀನು ಮಲಗೋ ಮನೆ. ಅಪ್ಪನ ಆಸ್ತಿ ಮಕ್ಕಳಿಗೆ ಅನ್ನೋ ಕಟ್ಟು ನೀನೇ ತಂದಿದೀಯಂತಲ್ಲ. ಹಾಗಾದರೆ ಇದು ಮಾವನ ಮಕ್ಕಳದು. ಇಷ್ಟು ವರ್ಷದ ಕಾಫಿಯೂ ಅವರದೇ. ನೀನು ಎದ್ದು ನಡಿ, ತಿಮ್‌ನ ಗುಡಿಸಲು ಎಲ್ಲಿತ್ತೋ ಅಲ್ಲಿಗೆ ಹೋಗು. ಈಗ ಅಲ್ಲಿ ಮೇಕೆ ಕಟ್ತಾರೆ."

"ಇದು ಬೇರೆ, ಅದು ಬೇರೆ. ಅದನ್ನ ಜರ್ಮನರು ನನಗೆ ಕೊಟ್ಟದ್ದು."

"ಕದ್ದೋರು ಕೊಟ್ಟದ್ದೇ ಕಟ್ಟಾದರೆ, ಮೊದಲು ಕದ್ದದ್ದೂ ಕಟ್ಟೇ ಆಯ್ತು. ನಿನ್ನಜ್ಜನ ಕುತ್ತಿಗೆಗೆ ಅವರು ಹಗ್ಗ ಹಾಕಿದ್ದೂ ಸರೀನೇ ಅನ್ನು. ಅನ್ನೋ, ಕೇಳೋಣ."

ಅವನು ಏನೋ ಹೇಳಿದ, ನಮಗೆ ಕೇಳಿಸಲಿಲ್ಲ. ಕೈನ್ ಎದ್ದು ನಿಂತು, "ಕೊಂಬು ಹಳ್ಳ ದಾಟಲಿ. ನಾಡಿದ್ದು ಮಧ್ಯಾಹ್ನದ ತನಕ ಬಿಟ್ಟಿದೀನಿ. ಆಮೇಲೆ ನನ್ನ ಮಗನೇ ಬಮೆಂಡಾ ಬಸ್ಸು ಹತ್ತುತ್ತಾನೆ," ಎಂದು ಮಣೆ ಎತ್ತಿಕೊಂಡು ಹೋದಳು. ನನ್ನ ಪಕ್ಕ ನಿಂತಿದ್ದವಳು ನಕ್ಕಳು. ನನಗೆ ನಗು ಬರಲಿಲ್ಲ. ಹಗ್ಗದ ಮಾತು ಬಂದಾಗ ಅವನ ಕೈ ತನ್ನ ಕುತ್ತಿಗೆಗೆ ಹೋದದ್ದು ಅಷ್ಟು ದೂರದಿಂದಲೂ ಕಾಣಿಸಿತ್ತು.

ಆ ನಾಡಿದ್ದು ನಮ್ಮ ಅಂಗಳದಲ್ಲಿ ಮನೆತನದವರೆಲ್ಲ ಕೂಡಿದ್ದರು. ಹೆಂಡದ ಮಡಕೆ ನೊರೆಯುಕ್ಕಿ ನಿಂತಿತ್ತು. ಬಂಗ್ಸಿ ತನ್ನ ಮಾವನ ಕಸೂತಿಯ ನಿಲುವಂಗಿಯೊಳಗೆ, ಅದು ಅವನಿಗೆ ಎರಡು ಕಡೆಯಿಂದಲೂ ದೊಡ್ಡದು. ಅತ್ತಿಗೆ ಚಾಪೆಯ ಮೇಲೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ವಲ್ಲಂಗ್ ಹಳ್ಳ ದಾಟಿದ. ಹಿಂದೆ ಕೈನ್, ಕೋಲೂರಿಕೊಂಡು, ದನ ಹೊಡೆದುಕೊಂಡು ಬರುವವಳ ಹಾಗೆ.

ಎರಡೂ ಕೈಗೆ ಆ ನೀಲಿ ಕೈಗವಸು. ಕೊಂಬನ್ನು ಮೈಯಿಂದ ದೂರ ಹಿಡಿದುಕೊಂಡಿದ್ದ. ನನ್ನ ಮುಂದೆ ಬಂದು ಚಾಚಿದ.

"ತಗೋ."

ನಾನು ಕೈ ಮುಂದೆ ಮಾಡಲಿಲ್ಲ. "ಬೋಬೆ ವಲ್ಲಂಗ್, ಕೈ ಎಲ್ಲಿದೆ?"

"ಇದೇನು, ಕಾಲಾ?"

ಚಿಯಾಫಿ ಕೂತಲ್ಲಿಂದಲೇ ಅಂದ, "ತಿಮ್ ನೆಲಕ್ಕೆ ಒತ್ತಿದ್ದು ಅಂಗೈ. ರಬ್ಬರ್ ಅಲ್ಲ."

ವಲ್ಲಂಗ್ ಅಕ್ಕನ ಕಡೆ ನೋಡಿದ. ಅವಳು ಕೋಲಿನಿಂದ ಅವನ ಕೈಯನ್ನು ತೋರಿಸಿದಳು. ಅವನು ಕೊಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದೊಂದೇ ಕೈಗವಸು ಎಳೆದು ನೆಲಕ್ಕೆ ಎಸೆದ. ಆಮೇಲೆ ಕೊಂಬನ್ನು ಬೆತ್ತಲೆ ಕೈಯಲ್ಲಿ ಹಿಡಿದು ನನ್ನ ಬೆತ್ತಲೆ ಕೈಯಲ್ಲಿ ಇಟ್ಟ. ಅಷ್ಟು ಹಗುರ ಇರುತ್ತದೆ ಎಂದು ನಾನು ಎಣಿಸಿರಲಿಲ್ಲ.

"ಕೊಟ್ಟೆ," ಅಂದ. "ನಿನ್ನ ಮಗ ಕುಡಿಯಲಿ. ಪೂರ್ತಿ ಕುಡಿಯಲಿ. ಒಳಗೆ ವಿಷ ಇದೆ ಅಂತ ನಾನು ಆವತ್ತೇ ಹೇಳಿದ್ದೆ, ಈಗ ಇಷ್ಟು ಜನ ಸಾಕ್ಷಿ."

ಅವನಿಗೆ ಮಣೆ ಹಾಕಿದ್ದರು. ಕೂರಲಿಲ್ಲ. ಇಳಿದು ಹೋದ. ಡೋಲು ಶುರುವಾಯಿತು, ಹೆಂಗಸರು ದನಿ ಎತ್ತಿದರು. ಚಿಯಾಫಿ ಮಡಕೆಯಿಂದ ಹೆಂಡ ಮೊಗೆದ. ನಾನು ಮಾತ್ರ ಹಳ್ಳದ ಕಡೆ ನೋಡುತ್ತಿದ್ದೆ. ಯಾಕೆ ಎಂದರೆ, ಗೆದ್ದವಳಿಗೆ ಸೋತವನ ಬೆನ್ನು ನೋಡುವ ಆಸೆ. ಬೇರೇನಿಲ್ಲ.

ವಲ್ಲಂಗ್ ದಾಟಲಿಲ್ಲ. ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ತೊಳೆಯುತ್ತಿದ್ದ. ತೊಳೆದ. ಮರಳು ಹಿಡಿದು ಮತ್ತೆ ಉಜ್ಜಿದ. ಉಗುರಿನ ಸಂದಿಗೆ ಕಡ್ಡಿ ಹಾಕಿ ಕೆರೆದ. ಅಂಗಿಯ ಕಂಕುಳ ಕಡೆ ನೋಡಿಕೊಂಡು ಅಂಗಿಯನ್ನೇ ಬಿಚ್ಚಿ ನೀರಿಗೆ ಹಾಕಿದ, ಮತ್ತೆ ಮರಳು ಹಿಡಿದ. ನಾವು ನೋಡಲಿ ಅಂತ ಮಾಡುತ್ತಿರಲಿಲ್ಲ. ಒಂದು ಸಲವೂ ತಲೆ ಎತ್ತಿ ನಮ್ಮ ಕಡೆ ನೋಡಲಿಲ್ಲ. ನನ್ನ ಮೇಲಿನ ದ್ವೇಷಕ್ಕೆ ಸುಳ್ಳು ಹೇಳಿದವನು ಅಷ್ಟು ಹೊತ್ತು ಚರ್ಮ ಉಜ್ಜುವುದಿಲ್ಲ.

ಚಿಯಾಫಿ ಬಂಗ್ಸಿಯ ಕೈಗೆ ಕೊಡಲು ಕೊಂಬಿಗಾಗಿ ನನ್ನತ್ತ ಕೈ ಚಾಚಿದ.

"ತಡೀರಿ," ಅಂದೆ.

"ಇನ್ನೇನು ತಡೆಯೋದು? ಡೋಲು ಹೊಡೀತಿದ್ದಾರೆ."

"ಹೊಡೀತಾ ಇರಲಿ."

ಕೊಂಬನ್ನು ಮಣೆಯ ಮೇಲಿಟ್ಟು ನಾನೂ ಬೂದಿ ಹಚ್ಚಿ ಕೈ ತೊಳೆದೆ. ಹಿತ್ತಲಿಗೆ ಹೋಗಿ ಬಾಳೆಯ ಎಳೆಯ ಎಲೆ ಕೊಯ್ದು ತಂದೆ. ಒಲೆಯ ಕೆಂಡದ ಮೇಲೆ ಬಾಡಿಸಿದೆ. ಸಂತೆಯ ಹೆಂಡದಂಗಡಿಯಲ್ಲಿ ಬಟ್ಟಲು ಕೊಳಕಿದ್ದರೆ ನಾವು ಮಾಡಿಕೊಳ್ಳುವುದು ಇದನ್ನೇ. ಎರಡು ಪದರ ಮಾಡಿ ಸುರುಳಿ ಸುತ್ತಿ, ತುದಿ ಚೂಪು ಮಾಡಿ, ಕೊಂಬಿನ ಒಳಗೆ ಬುಡದ ತನಕ ಇಳಿಸಿದೆ. ಮೇಲೆ ಉಳಿದ ಅಂಚನ್ನು ಕೊಂಬಿನ ಬಾಯಿಂದ ಹೊರಕ್ಕೆ ಮಡಚಿ, ಕಪ್ಪೆಗಳ ಮೇಲೆ ಇಳಿಬಿಟ್ಟು, ಬಾಳೆನಾರಿನಿಂದ ಬಿಗಿದೆ. ಇನ್ನೊಂದು ಎಲೆ ಹೊರಗೆ ಸುತ್ತಿದೆ, ಹಿಡಿಯುವ ಕಡೆ.

ಚಿಯಾಫಿಯ ಮುಖ ಹುಳಿಯಾಯಿತು. "ಎಲ್ಲ ಮುಚ್ಚಿಬಿಟ್ಟೆಯಲ್ಲ. ಇದು ಎಲೆಯಲ್ಲಿ ಕುಡಿದ ಹಾಗಾಯ್ತು. ಕೊಂಬಲ್ಲಿ ಹೇಗಾಯ್ತು?"

"ಕೊಂಬು ಕೈಯಲ್ಲಿದೆಯೋ ಇಲ್ವೋ? ಹೆಂಡ ಕೊಂಬಿನ ಒಳಗಿದೆಯೋ ಇಲ್ವೋ?"

"ಎಲೆ ನಡುವೆ ಇದೆ."

"ಇದೆ. ಎಲೆ ಬೇಡ ಅನ್ನೋದಾದ್ರೆ ಬೋಬೆ, ತೆಗೆದುಬಿಡ್ತೀನಿ. ಹಿರಿಯರು ನೀವು. ಮೊದಲು ನೀವು ಬರೀ ಕೊಂಬಲ್ಲಿ ಒಂದು ಗುಟುಕು ಕುಡಿದು ತೋರಿಸಿ. ಆಮೇಲೆ ನನ್ನ ಮಗ."

ಅವನು ಕೆಮ್ಮಿದ. ಕೈನ್ ಕೋಲಿನ ಮೇಲೆ ಗಲ್ಲವೂರಿ ನೋಡುತ್ತಿದ್ದವಳು, "ಕುಡೀರಿ ಬೋಬೆ, ನಿಮಗೆ ಹೆಂಡ ಯಾವತ್ತು ಬೇಡವಾಗಿದೆ?" ಅಂದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಚಿಯಾಫಿ ನನ್ನನ್ನು ತಿನ್ನುವ ಹಾಗೆ ನೋಡಿ, ಹೆಂಡ ಮೊಗೆದು ಎಲೆಯೊಳಗೆ ಸುರಿದ. ಅವತ್ತಿನಿಂದ ಅವನು ನನ್ನ ಮನೆಯಲ್ಲಿ ಊಟ ಮಾಡುವುದಿಲ್ಲ. ಮಾಡದಿದ್ದರೆ ಬಿಡಲಿ, ಒಂದು ಮುದ್ದೆ ಕಡಿಮೆ.

ಬಂಗ್ಸಿ ನನ್ನ ಮುಖ ನೋಡಿದ. ಹಣೆಯಲ್ಲಿ ಬೆವರು. "ಅಮ್ಮಾ, ಸೋರಲ್ಲ ತಾನೇ?" ಎಂದು ಪಿಸುಗುಟ್ಟಿದ.

"ಸೋರಲ್ಲ. ಬೇಗ ಕುಡಿ, ಹೊರಗಿನದಕ್ಕೆ ತುಟಿ ತಾಗಿಸಬೇಡ."

ಮೊದಲ ಪಾಲನ್ನು ನೆಲಕ್ಕೆ ಸುರಿದ, ದಿಯಾಂಗ್‌ಗೆ, ನಡುವಿನ ಇಬ್ಬರಿಗೆ, ಯಿಬೈನ್‌ಗೆ. "ಕೊಂಬು ದೂರ ಹೋಗಿತ್ತು, ಬಂದಿದೆ," ಎಂದು ಹೇಳಿದ. ಆಮೇಲೆ ಕುಡಿದ. ಎಲೆಯ ಹಸಿರು ಅಂಚಿನಿಂದ ಒಂದು ಹನಿಯೂ ಸೋರಲಿಲ್ಲ. ಅವನನ್ನು ಪೀಠದ ಮೇಲೆ ಕೂರಿಸಿ ಎಬ್ಬಿಸಿ ಮತ್ತೆ ಕೂರಿಸಿದರು. ಹೆಂಗಸರು ಹೋಗಿ ಅತ್ತಿಗೆಯನ್ನು ಚಾಪೆಯಿಂದ ಎಬ್ಬಿಸಿದರು. ಅವಳ ಕಾಲು ಜೋಮು ಹಿಡಿದು ನಿಲ್ಲಲಾಗದೆ ನನ್ನ ಹೆಗಲಿಗೆ ಜೋತುಬಿದ್ದಳು.

ಎಲೆಯನ್ನು ಗುಂಡಿ ತೋಡಿ ಹೂತೆ. ಆ ನೀಲಿ ಕೈಗವಸನ್ನು ಹಾಕಿಕೊಂಡೇ ಕೊಂಬನ್ನು ಒರೆಸಿ, ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದಲ್ಲಿ ಬುರುಡೆಯ ಪಕ್ಕ ನೇತುಹಾಕಿದೆ. ಹಳ್ಳದಾಚೆ ಬೋರ್ಡು ಹಾಗೇ ಇದೆ, ದಿಯಾಂಗ್ ಲಾಡ್ಜ್. ಕಪಾಟಿನಲ್ಲಿ ಕೆಂಪು ಬಟ್ಟೆ ಮಾತ್ರ. ವಲ್ಲಂಗ್ ಎದುರು ಬಂದರೆ ನಾನು ದಾರಿ ಬಿಡುವುದಿಲ್ಲ, ಅವನೂ ಬಿಡುವುದಿಲ್ಲ. ಇಬ್ಬರೂ ಹುಲ್ಲು ತುಳಿದುಕೊಂಡು ಹೋಗುತ್ತೇವೆ.

ತಿಮ್ ಕೊಟ್ಟ ಮಾತು ನಡೆಯಿತು.